ಕೈಯಗಲದ ಕಪ್ಪು

ಕುದುರೆಗಾಡಿಯವನು ಬಾಡಿಗೆ ಇಸಿದುಕೊಂಡು
ಚಿಲ್ಲರೆ ಇಲ್ಲವೆಂದು ಆಕಾಶ ನೋಡಿದ.
ಬೆಳಿಗ್ಗೆ ಆರೂವರೆ. ಎಡ್ಫು.
ನೈಲ್ ಹಡಗಿನಿಂದ ಇಳಿದ ನಲವತ್ತು ಜನ
ಕೊರಳಿಗೆ ನಂಬರು ತೂಗಿಕೊಂಡು
ಹೆಬ್ಬಾಗಿಲ ಬುಡದಲ್ಲಿ ಇರುವೆಗಳಾದೆವು.

ಕಲ್ಲಿನ ಗಿಡುಗ-ದೇವರು, ಕೊಕ್ಕೂ ಮುಕ್ಕಾಗದೆ,
ಫೋಟೋಗೆ ಸಾಲು ನಿಂತವರನ್ನು ಬಿಟ್ಟು
ಇನ್ನೆಲ್ಲೋ ನೋಡುತ್ತಿದ್ದ.

ನನ್ನ ಕಾಲು, ಅಭ್ಯಾಸಬಲ,
ಚಪ್ಪಲಿ ಬಿಡುವ ಜಾಗ ಹುಡುಕಿತು.
ಕಾವಲಿನ ಬಸ್ತಾವಿ ಕಂಡುಬಿಟ್ಟ, ನಕ್ಕ:
‘ಹಾಕಿಕೊಂಡೇ ಬಾ,
ಮನೆಯವರು ಊರಲ್ಲಿಲ್ಲ.’

‘ಎರಡು ಸಾವಿರ ವರ್ಷ! ಸೂರು ಸಮೇತ ಉಳಿದಿದೆ!’
ಹಳದಿ ಬಾವುಟದ ಗೈಡು ಕೂಗಿದ.
ಹೇಗೆ ಉಳಿಯಿತು ಎಂದೆ.
ಕಲ್ಲಿನ ಗಟ್ಟಿತನ ಹೇಳಿದ, ರಾಜರ ಹೆಸರು ಹೇಳಿದ,
ಗಡಿಯಾರ ನೋಡಿಕೊಂಡ.

ಬಾವುಟ ಮುಂದೆ ಹೋಗುವವರೆಗೆ ಕಾದು
ಬಸ್ತಾವಿ ಬೆರಳು ಮಡಚಿ ಕರೆದ.
ಜೇಬಿನ ನೋಟನ್ನು ಮುಟ್ಟಿ ನೋಡಿಕೊಂಡೇ ಹಿಂದೆ ಹೋದೆ.
ಪಕ್ಕದ ಕಂಬಸಾಲೆಯಲ್ಲಿ ನಿಲ್ಲಿಸಿ
ಮೇಲೆ ತೋರಿದ:
ಮಸಿ. ಬರೀ ಮಸಿ.
‘ನಮ್ಮಜ್ಜಿಯ ಅಜ್ಜಿಯ ಒಲೆ’ ಎಂದ.

ಅವನ ಇಂಗ್ಲಿಷು, ನನ್ನ ಇಂಗ್ಲಿಷು
ಒಂದೇ ಗಾಡಿಗೆ ಹೂಡಿದ ಎರಡು ಕುಂಟು ಕುದುರೆ.
ಆದರೂ ಮುಟ್ಟಿತು ಅವನ ಕತೆ:

ಮರಳು ಬಂತಂತೆ, ಹೊಳೆಯ ರಾಡಿ ಬಂತಂತೆ,
ಕಂಬಗಳ ಕುತ್ತಿಗೆವರೆಗೆ.
ಅದರ ಮೇಲೆ ಹುಲ್ಲು, ಸಗಣಿ, ಒಡೆದ ಮಡಕೆ,
ಆಡುಗಳು, ಕೊನೆಗೆ ಮನುಷ್ಯರು.
ಮಾಳಿಗೆಯ ಮೇಲೆ ಮನೆ ಕಟ್ಟಿದರು.
ಮರಳಿಗೂ ಸೂರಿಗೂ ನಡುವೆ ಉಳಿದ
ಆಳೆತ್ತರದ ಸಂದಿಯಲ್ಲಿ
ರೊಟ್ಟಿ ಬೆಂದವು, ಬಾಣಂತಿಯರು ಬೆವರಿದರು,
ಮಲಗಿದ ಕೂಸು ಕಣ್ಣು ಬಿಟ್ಟರೆ
ಗೇಣು ದೂರದಲ್ಲಿ ದೇವತೆಯ ಪಾದ.

‘ನಮ್ಮ ಕಸ ಹೊದ್ದು ಬೆಚ್ಚಗೆ ಮಲಗಿತ್ತು ಇದು,’ ಎಂದ.
‘ಆಮೇಲೆ ಕಾಗದ ಹಿಡಿದವರು ಬಂದರು.
ಗುಡಿಯನ್ನು ಅಗೆದು ತೆಗೆದರು.
ನಮ್ಮನ್ನೂ.’

ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ
ವಹೀಬಾ ಹತ್ತಿಯಿಂದ ಒರೆಸುತ್ತಿದ್ದಳು,
ದಿನಕ್ಕೆ ಎರಡಂಗೈ ಜಾಗ.
ಕಪ್ಪಿನೊಳಗಿಂದ ಮೊದಲು ನೀಲಿ,
ಆಮೇಲೆ ಒಂದು ಚುಕ್ಕಿ,
ನಿನ್ನೆ ಮೊನ್ನೆ ಬಳಿದಂಥ ಹಳದಿ.
ನಾನು ‘ಅಬ್ಬಾ’ ಎಂದದ್ದು ಕನ್ನಡದಲ್ಲಿ;
ಅವಳು ತಲೆದೂಗಿದಳು.

ಕೊಳೆಹತ್ತಿ ಬೀಳುತ್ತಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು
ಬಸ್ತಾವಿ ಬಗ್ಗಿ ನೋಡಿದ.
ಸಂಜೆಸಂಜೆಯೂ ನೋಡುತ್ತಾನಂತೆ.

ಎಲ್ಲವನ್ನೂ ಒರೆಸುವುದಿಲ್ಲ ಇವರು.
ಎಷ್ಟು ಕಪ್ಪಿತ್ತೆಂದು ಮುಂದಿನವರಿಗೆ ತಿಳಿಯಲು
ಕೈಯಗಲದಷ್ಟು ಹಾಗೇ ಬಿಡುವುದು ಪದ್ಧತಿ.
ಎಲ್ಲಿ ಬಿಡಲಿ ಎಂದು ವಹೀಬಾ ಇವನನ್ನೇ ಕೇಳಿದಳಂತೆ.
ಎರಡು ದಿನ ಯೋಚಿಸಿ
ಮೂಲೆಯೊಂದನ್ನು ತೋರಿದ.

ಒಲೆ ಅಲ್ಲೇ ಇತ್ತೆಂದು ಯಾರು ಹೇಳಿದರು?

‘ಯಾರೂ ಇಲ್ಲ.
ಎಲ್ಲೋ ಒಂದು ಕಡೆ ಇರಲೇಬೇಕಲ್ಲ, ಒಲೆ.’

ಹೊರಗೆ ಗಾಡಿಗಳ ಜಗಳ, ಹಡಗಿನ ಸಿಳ್ಳು.
ನೋಟು ಕೊಟ್ಟೆ. ಸಂಕೋಚವಿಲ್ಲದೆ ತೆಗೆದುಕೊಂಡ.
ಹೊರಡುವ ಮುಂಚೆ ಆ ಮೂಲೆಯದೊಂದು
ಫೋಟೋ ಹೊಡೆದುಕೊಂಡೆ.

ರಾತ್ರಿ ಡೆಕ್ಕಿನ ಮೇಲೆ ತೆರೆದು ನೋಡಿದರೆ
ಚುಕ್ಕಿ ಚೆನ್ನಾಗಿ ಬಂದಿದೆ, ನೀಲಿಯೂ.
ರೊಟ್ಟಿಯಗಲದ ಆ ಕಪ್ಪನ್ನು ಮಾತ್ರ
ನೆರಳೆಂದು ತಿಳಿದು
ಫೋನೇ ತಿಳಿ ಮಾಡಿಬಿಟ್ಟಿದೆ.