ರನ್ನು

ಕೌಲ್ ಬಜಾರಿನ ನಮ್ಮ ಶೆಡ್ಡಿನಾಗ ಕರೆಂಟು ಹೋದರೆ
ಹದಿನಾಲ್ಕು ಮಿಷನ್ನೂ ಒಮ್ಮೆಲೇ ಉಸಿರು ಹಿಡೀತಾವ.
ಆಗ ಶಮೀನಾ ಕತ್ತರಿ ಕೆಳಗಿಟ್ಟು
ಕತ್ತರಿಸಿದ ದಾರದ ಗುಡ್ಡೆಯೊಳಗಿಂದ
ಗ್ರಾಮರ್ ಪುಸ್ತಕ ಎಳೀತಾಳ.
ಇಂಗ್ಲಿಷೊಂದೇ ಉಳಿದೈತಿ ಆಕಿಗೆ,
ಅದೂ ಎರಡನೇ ಸಲ.

"ಅಕ್ಕಾ, ರನ್ ಅಂದ್ರೇನು?"
ಓಡು, ಅಂದೆ. ಅಷ್ಟೂ ಬರದಿದ್ರೆ ಹೆಂಗ?
"ಅದು ಒಂದನೇದು. ಇನ್ನೂ ನಲವತ್ತೆರಡು ಅದಾವ."

ನೆಗಡಿ ಬಂದರೆ ಮೂಗು ಓಡತೈತಂತ ಅವರಲ್ಲಿ.
ನಮ್ಮದು ಸೋರತೈತಿ, ಪಾಪ, ಕುಂತಲ್ಲೇ.
ಹೊಳಿ ಓಡತೈತಂತ.
ನಮ್ಮ ಹಗರಿ ಹರಿದರೆ ಹರೀತು,
ಇಲ್ಲಂದ್ರೆ ಉಸುಕು ಹೊದ್ದು ಮಲಗೋದು.
ಗುರುತಿನವರು ಎದುರು ಸಿಕ್ಕರೆ
ಅವರೊಳಗ ಓಡಿದೆ ಅನ್ನಬೇಕಂತ,
ಮೈಮ್ಯಾಲೆ ಬೀಳಂಗಿಲ್ಲೇನು ಹಂಗಾರ?

ಮನ್ಯಾಗ ಸಕ್ಕರಿ ತೀರಿತು ಅಂತ ತಿಳಕೊ:
ಓಡೋದು ಸಕ್ಕರಿ ಅಲ್ಲ,
ನಾವಂತ,
ಸಕ್ಕರಿಯಿಂದ ಹೊರಗ.
ಇದೊಂದು ಖರೇ ಮಾತು ಅನ್ನಿಸಿತು.
ಚೀಟಿ ಹಿಡಕೊಂಡು ಶೆಟ್ರ ಅಂಗಡಿಗೆ ಓಡೋರು
ಮತ್ತ್ಯಾರು?

ರನ್ನಿಂಗ್ ಹೊಲಿಗಿ ಯಾರೂ ಹೇಳಿಕೊಡಬೇಕಿರಲಿಲ್ಲ.
ಅರ್ಥ ಕೇಳದೇ ಹತ್ತೊಂಬತ್ತು ವರ್ಷ
ಆ ಮಾತು ನನ್ನ ಬೆರಳಿನಾಗ ಐತಿ.

"ಬಣ್ಣಾನೂ ಓಡತೈತಿ," ಅಂತ ಶಮೀನಾ ಓದೋವಾಗ
ವಾಷಿಂಗಿನಿಂದ ಎರ್ರಿಸ್ವಾಮಿ ಬಂದ,
ಮೊಣಕೈ ತನಕ ಜೀನ್ಸಿನ ನೀಲಿ.
"ಓಡಂಗಿಲ್ಲವ್ವಾ, ಬಣ್ಣ ಬಿಡತೈತಿ," ಅಂದ.
ಬಿಟ್ಟದ್ದು ಎಲ್ಲಿಗೆ ಹೋಗೈತಪಾ?
ಅಲ್ಲೇ ಐತಿ, ಅವನ ಉಗುರಿನ ಬುಡಕ,
ಹಬ್ಬಕ್ಕೂ ಏಳಂಗಿಲ್ಲ.

ಹಾಳಿ ತಿರುವಿದಳು.
ರನ್ ಅವೇ, ಅಂತ ಶುರು ಮಾಡಿ
ನನ್ನ ಮುಖ ನೋಡಿ
ಒಂದು ಸಾಲು ಹಾರಿಸಿದಳು.

ತೆಕ್ಕಲಕೋಟಿಯಿಂದ ನಾ ಬಂದದ್ದು ಬಸ್ಸಿನಾಗ.
ಟಿಕೆಟ್ ತಗೊಂಡಿದ್ದೆ, ಕಿಟಕಿ ಕಡೆ ಸೀಟು,
ತೊಡಿಮ್ಯಾಲೆ ಚೀಲ, ಚೀಲದಾಗ ಅರ್ಧ ಹೊಲಿದ ಜಂಪರು.
ಒಂದು ಹೆಜ್ಜಿ ಸುದ್ದಾ ಓಡಿರಲಿಲ್ಲ.
ಆದರೂ ಆ ಓಣಿಗೆ ನಾನು
ಇವತ್ತಿಗೂ ಓಡಿಹೋದಾಕಿ.
ತಮ್ಮನ ಲಗ್ನದ ಕಾರ್ಡಿನಾಗ
ನನ್ನ ಹೆಸರಿನ ಜಾಗದಾಗ ಬಾಳಿಗಿಡದ ಚಿತ್ರ ಇತ್ತು.

ಅದೇ ಬಸ್ಸು, ಅದೇ ಸೀಟು,
ಬಾಜೂಕ ಕುಂತು ಬಂದ ಗಾದಿಲಿಂಗನಿಗೆ
ಆ ಮಾತು ಹತ್ತಲೇ ಇಲ್ಲ.
ಅವನು "ಕರಕೊಂಡು ಹೋದ."
ಹೋಗೋ ಮಾತಿಗೂ ಗಂಡು ಹೆಣ್ಣು ಐತಿ, ನೋಡ್ರಿ,
ಗ್ರಾಮರಿನಾಗ ಇದನ್ನ ಹಾಕಿಲ್ಲ.

ಹಾರಿಸಬ್ಯಾಡ, ಓದು, ಅಂದೆ.

ಓದಿದಳು. ಅದು ಮುಗಿದು ಹದಿನೇಳನೇದು:
ನಡೆಸು. ಅಂಗಡಿ, ಕಾರ್ಖಾನಿ, ಮನಿ.
"ಇದಕ್ಕೂ ರನ್ನೇ ಅಕ್ಕಾ."
ಅದಕ್ಕೂ ಇದಕ್ಕೂ?
"ಒಂದಕ್ಷರ ಫರಕಿಲ್ಲ."

ನಾವು ಅಂಗಡಿ ನಡೆಸ್ತೀವಿ.
ಕೂಸಿನ ಎರಡೂ ಕೈ ಹಿಡಿದು ನಡೆಸಿದಂಗ,
ಎಡವಿದರೆ ಎತ್ತಿ, ಮತ್ತ ನಿಲ್ಲಿಸಿ.
ಅವರು ಓಡಿಸ್ತಾರಂತ.
ಆ ದೇಶದ ಅಂಗಡಿಗಳಿಗೆ ಏದುಸಿರು ಬರಂಗಿಲ್ಲೇನು?

ಗಾದಿಲಿಂಗ ಕಾಜು ಹಾಕ್ತಾನ. ಲೆಕ್ಕ ನನ್ನದು.
ಇಪ್ಪತ್ತೆರಡು ಜನರ ಶನಿವಾರ ನನ್ನದು,
ಝಿಪ್ಪಿನವನ ಉದ್ರಿ, ಶೆಡ್ಡಿನ ಬಾಡಿಗಿ,
ಸೋಲಾಪುರಕ್ಕ ಹೋಗಬೇಕಾದ ಇನ್ನೂರು ಪೀಸು.
ತೆಕ್ಕಲಕೋಟಿಯವರು ಇಂಗ್ಲಿಷ್ ಕಲಿತಿದ್ದರೆ
ಬೈಗುಳ ಬದಲಿಸೋ ಕೆಲಸ ಇರ್ತಿರಲಿಲ್ಲ,
ಹಳೇ ಮಾತಿನಾಗೇ ಹೊಗಳಬಹುದಿತ್ತು.
ನಗು ಬಂತು.
ನಕ್ಕದ್ದು ಯಾಕಂತ ಯಾರಿಗೂ ಹೇಳಲಿಲ್ಲ.

ಕಡೀಗೆ ಅಭ್ಯಾಸ: ಸ್ವಂತ ವಾಕ್ಯದಲ್ಲಿ ಬಳಸಿ.
ಪೆನ್ಸಿಲ್ ಕಚ್ಚಿ ಕಚ್ಚಿ ಶಮೀನಾ ಬರೆದಳು:
ಮೈ ಅಕ್ಕ ರನ್ಸ್.

ಮುಂದ?
ಎಲ್ಲಿಂದ ಓಡಿದಳು, ಏನು ಓಡಿಸ್ತಾಳ,
ಪೂರ್ತಿ ಬರಿಯವ್ವಾ, ಮಾರ್ಕ್ಸ್ ಹೋಗತಾವ.
"ಇಷ್ಟೇ ಸಾಕಲ್ಲಕ್ಕಾ," ಅಂದಳು,
"ಸಾಲಂಗಿಲ್ಲೇನು?"

ಅಷ್ಟರಾಗ ಕರೆಂಟು ಬಂತು.
ಹದಿನಾಲ್ಕೂ ಒಟ್ಟಿಗೆ ಎದ್ದವು.
ಆಕಿ ಮತ್ತೇನೋ ಕೇಳಿದಳು, ಬಾಯಿ ಅಷ್ಟೇ ಕಾಣಿಸಿತು.
ಪೆಡಲ್ ತುಳಿದೆ. ಸೂಜಿ ಬಟ್ಟಿಮ್ಯಾಲೆ
ಬರೇ ತೂತು ಹಾಕ್ಕೊಂತ ಹೊಂಟಿತ್ತು.
ಬಾಬಿನ್ ತೆಗೆದು ನೋಡಿದರೆ ದಾರ ತೀರಿತ್ತು.

ಅಲ್ಲಲ್ಲ,
ನಾನೇ ದಾರದಿಂದ ಹೊರಗ ಓಡಿದ್ದೆ.