ಅರ್ಧ ಗಂಟೆಯ ನೀರು

ಬಿರ್ಕತ್ ಅಲ್ ಮೌಜಿನ ಚೌಕಿಯಲ್ಲಿ ಪೊಲೀಸ
ಮೊದಲು ಗಾಡಿಯ ಚಕ್ರ ನೋಡಿದ, ಆಮೇಲೆ ನನ್ನ ಮುಖ.
ನಾಲ್ಕೂ ಚಕ್ರ ಎಳೆಯದ ಗಾಡಿಯನ್ನು
ಈ ಬೆಟ್ಟ ಒಲ್ಲದಂತೆ.
ನನ್ನ ಹತ್ತಿರ ಆಸ್ಪತ್ರೆಯ ಪತ್ರವಿತ್ತು,
ರಕ್ತ ಪರೀಕ್ಷಿಸುವ ಕೆಲಸ,
ಬೀದರಿನಿಂದ ತಂದ ಟ್ರಂಕು.
ಹೋಗು ಎಂದ.

ಗಲ್ಫು ಅಂದರೆ ಮರಳು ಅಂದುಕೊಂಡಿದ್ದೆ.
ಮೊದಲ ರಾತ್ರಿ ಎರಡು ಕಂಬಳಿ ಹೊದ್ದು
ಹಲ್ಲು ಕಟಕಟ ಕಡಿದೆ.
ಫೋನಿನಲ್ಲಿ ತಂಗಿ ನಂಬಲೇ ಇಲ್ಲ:
'ಸುಳ್ಳ ಹೇಳಬ್ಯಾಡ, ಅರಬಸ್ತಾನದಾಗ
ಚಳಿ ಎಲ್ಲಿಂದ ಬರ್ತದ?'

ಮನೆಯೊಡತಿ ಗಾಲಿಯಾ
ಹಸಿ ಹಿಟ್ಟಿನ ಮುದ್ದೆ ಅಂಗೈಯಲ್ಲಿ ಹಿಡಿದು
ಕಾದ ಹಂಚಿನ ಮೇಲೆ, ಗೋಡೆಗೆ ಸುಣ್ಣ ಬಳಿದ ಹಾಗೆ,
ಒಂದೇ ಸುತ್ತು ಸವರುತ್ತಾಳೆ.
ಕೆರೆದು ತೆಗೆದರೆ ರೊಟ್ಟಿ.
ಹಿಡಿದು ನೋಡಿದರೆ ಆಚೆಯ ಕಿಟಕಿ ಕಾಣುತ್ತದೆ.
ನಾನು ಜೋಳದ ರೊಟ್ಟಿ ಬಡಿದವಳು,
ಬಡಿಯುವ ಸದ್ದಿಗೇ ನೆರೆಮನೆಗೆ
ಹಸಿವಾಗಬೇಕು ಎಂದು ನಂಬಿದವಳು.
ಸದ್ದಿಲ್ಲದ ರೊಟ್ಟಿಗೆ ಜೇನು ಸುರಿದು ತಿಂದೆ,
ಒಂಬತ್ತು.
ಅವಳು ಎಣಿಸಲಿಲ್ಲ. ಎಣಿಸಿದ್ದು ನಾನೇ.

ಶುಕ್ರವಾರ ಫಲಜಿನ ಗುಂಟ ನಡೆಯುತ್ತೇನೆ.
ಒಂದು ಗೇಣು ಅಗಲದ ಕಾಲುವೆ,
ಬಂಡೆಯ ಪಕ್ಕೆಗೆ ಅಂಟಿಕೊಂಡು ಬರುತ್ತದೆ.
ಎಡಕ್ಕೆ ಗುಲಾಬಿ, ದಾಳಿಂಬೆ, ಆಕ್ರೋಟಿನ ಮೆಟ್ಟಿಲುಗಳು,
ಬಲಕ್ಕೆ ಏನೂ ಇಲ್ಲ,
ಆ ಏನೂ ಇಲ್ಲದ್ದರ ತಳದಲ್ಲಿ ಒಂದು ಆಡು.

ನೌಬಾದಿನ ಸುರಂಗ ಬಾವಿಗೆ ಬಗ್ಗಿ
ಚಿಕ್ಕಂದಿನಲ್ಲಿ ಕೂಗುತ್ತಿದ್ದೆವು.
ಮುಂದಿನ ಬಾವಿಯ ಬಾಯಲ್ಲಿ ಕಿವಿಯಿಟ್ಟ ತಂಗಿಗೆ
ನನ್ನ ಕೂಗು ಒದ್ದೆಯಾಗಿ ಕೇಳುತ್ತಿತ್ತಂತೆ.
ಇಲ್ಲಿ ಕಾಲುವೆ ಗುಡ್ಡದೊಳಗೆ ನುಗ್ಗುವ ಕಡೆ
ಆಚೀಚೆ ನೋಡಿ, ಯಾರೂ ಇಲ್ಲವೆಂದು,
ಬಗ್ಗಿ ಕೂಗಿದೆ: 'ನೀಲಾಂಬಿಕಾ!'
'ನಅಂ!' ಎಂದು ಓಗೊಟ್ಟಿತು ಗುಡ್ಡ.

ಮೊಣಕಾಲುದ್ದ ಕೆಸರು, ಹಣೆಗೆ ಕಟ್ಟಿದ ಬ್ಯಾಟರಿ,
ಕೈಯಲ್ಲಿ ಬುಟ್ಟಿ ಹೂಳು;
ಹೊರಬಂದವನು ನೀರುಗಂಟಿ ಮುಹನ್ನಾ.
'ನೀಲಾಂಬಿಕಾ ಯಾರು?'
ನಕ್ಕು ನಕ್ಕು ಅವನ ಕೆಮ್ಮು ಹೆಚ್ಚಾಯಿತು.
ಸೋಮವಾರ ಆಸ್ಪತ್ರೆಗೆ ಬಾ ಎಂದೆ.
ಬರಲಿಲ್ಲ. ಎರಡು ದಾಳಿಂಬೆ ಕಳಿಸಿದ.

ಅವನಜ್ಜ ನಕ್ಷತ್ರ ನೋಡಿ ನೀರು ಹಂಚುತ್ತಿದ್ದನಂತೆ.
ಇವನದು ಮೊಬೈಲು. ಆದರೂ ಮೋಡವಿಲ್ಲದ ರಾತ್ರಿ
ಒಮ್ಮೆ ತಲೆಯೆತ್ತಿ ನೋಡಿಯೇ
ಫೋನಿನ ಮಾತು ನಂಬುತ್ತಾನೆ.

ಗಾಲಿಯಾ ತನ್ನ ಪಾಲಿನಲ್ಲಿ ಒಂದು ಅಥರ್,
ಅಂದರೆ ಅರ್ಧ ಗಂಟೆ, ನನಗೆ ಬಿಟ್ಟುಕೊಟ್ಟಳು.
ಸೀರೆ ಹಾಸಿದಷ್ಟು ನೆಲ,
ಅದರಲ್ಲಿ ಟ್ರಂಕಿನ ತಳದ ಪುಂಡಿ ಬೀಜ.
ನನ್ನ ಪಾಳಿ ಬಂದದ್ದು ನಡುರಾತ್ರಿ ಎರಡೂವರೆಗೆ.
ಸ್ವೆಟರಿನ ಮೇಲೆ ಸ್ವೆಟರು, ಬರಿಗಾಲು.
ಕಲ್ಲು ಸರಿಸಿ, ಸುತ್ತಿದ ಹಳೇ ಬಟ್ಟೆ ಕಿತ್ತೆ.
ನೀರು ಕತ್ತಲಲ್ಲಿ ನನ್ನನ್ನು ಹುಡುಕಿಕೊಂಡು ಬಂದು
ಮೊದಲು ಹೆಬ್ಬೆರಳು ಮುಟ್ಟಿತು.
ಎಷ್ಟು ತಣ್ಣಗೆ ಅಂದರೆ, ಬೈದೆ.

ಆಷಾಢದ ಹೊತ್ತಿಗೆ ಎಲೆ.
ಬೆಳ್ಳುಳ್ಳಿ, ನುಚ್ಚು, ಹಸಿಮೆಣಸು ಕುದಿಸಿ
ಬಟ್ಟಲು ಮುಂದಿಟ್ಟೆ. ಗಾಲಿಯಾ ಒಂದು ತುತ್ತಿಗೆ
ಒಂದು ಕಣ್ಣು ಮುಚ್ಚಿದಳು.
'ಒಣನಿಂಬೆಗೆ ಕಾಲು ಬಂದಿದೆ' ಎಂದಳು,
ಅಥವಾ ನನ್ನ ಅರಬ್ಬಿಗೆ ಹಾಗೆ ಕೇಳಿತು.
ಮರುವಾರ ನನ್ನ ಮಡಿಯಲ್ಲಿ ಅರ್ಧ ಎಲೆ ಇರಲಿಲ್ಲ.
ಅವಳ ಒಲೆಯ ಮೇಲೆ ಆಡಿನ ಮಾಂಸದ ಜೊತೆ
ನಮ್ಮೂರಿನ ಹುಳಿ ಕೊತಕೊತ ಕುದಿಯುತ್ತಿತ್ತು.
ಜಗಳಾಡಲು ಹೋದವಳು
ತಟ್ಟೆ ಹಿಡಿದು ಕೂತೆ.

ಮೂರು ಗಂಟೆಗೆ ಮುಹನ್ನಾ ಕೆಮ್ಮುತ್ತಾನೆ.
ಅದೇ ಗಂಟೆ.
ಕಲ್ಲು ಮತ್ತೆ ಬಾಯಿಗೆ.
ಕೆಳಗಿನ ಮೆಟ್ಟಿಲಲ್ಲಿ ಇನ್ನಾರೋ
ಬರಿಗಾಲಲ್ಲಿ ನಿಂತು ಕಾಯುತ್ತಿದ್ದಾರೆ,
ಬೈಯುವುದು ಈಗಲೇ ಕೇಳಿಸುತ್ತಿದೆ.