ಗುಳಿಕೆನ್ನೆ

ಎರ್ಮೊಸಿಯೊ ಪೇಟೆಯ ಬಟ್ಟೆಯಂಗಡಿಗಳಿಗೆ
ಹದಿನೇಳು ವರ್ಷ ಬೊಂಬೆ ಮಾಡಿಕೊಟ್ಟವಳು ನಾನು.
ಯಾರನ್ನೂ ಹೋಲಬಾರದು, ಅದೇ ಕರಾರು.
ಹೋತರೆ ಅಂಗಿ ಕೊಳ್ಳುವವರಿಗೆ ಕಸಿವಿಸಿಯಂತೆ.

ಈಗ ಕರಾರು ತಿರುಗಾಮುರುಗಾ:
ಯಾರನ್ನಾದರೂ ಒಬ್ಬರನ್ನು
ಹೋಲಲೇಬೇಕು.

ಮರಳುಗಾಡಿನಿಂದ ಬಂದದ್ದು. ಸಂಖ್ಯೆ ನಾನೂರ ಹನ್ನೆರಡು.
ಗಂಡು, ಇಪ್ಪತ್ತರ ಆಸುಪಾಸು, ಅಂದರು ಡಾಕ್ಟರ್ ಇಬಾರ್ರಾ,
ಬುದ್ಧಿಹಲ್ಲು ಈಗಷ್ಟೇ ಇಣುಕಿದೆ ನೋಡು.
ಬುರುಡೆಯ ಎರಕದ ಮೇಲೆ
ರಬ್ಬರಿನ ಚೂರುಗಳನ್ನು ಅಂಟಿಸುತ್ತ ಹೋದೆ,
ಶಾಲೆ ಮಕ್ಕಳು ತಪ್ಪು ಅಳಿಸುವಂಥದೇ ರಬ್ಬರು.
ಹಣೆಗೆ ನಾಲ್ಕು ಮಿಲಿಮೀಟರು, ಗದ್ದಕ್ಕೆ ಹತ್ತು,
ಕೆನ್ನೆಗೆ?
ಉಂಡು ಹೊರಟಿದ್ದನೋ, ಹಸಿದೇ ನಡೆದಿದ್ದನೋ,
ಕೋಷ್ಟಕದಲ್ಲಿಲ್ಲ.

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಅಂದೀತು.
ನಾಲಿಗೆಯಿಲ್ಲದ ಎಲುಬು ಹಾಗಲ್ಲ,
ಗೊತ್ತಿದ್ದಷ್ಟು ಹೇಳಿ ಸುಮ್ಮನಾಗುತ್ತದೆ.
ಮೂಗಿನ ಬುಡ ಹೇಳಿತು, ತುದಿಗೆ ತಡವರಿಸಿತು.
ಬಾಯಿಯ ಅಗಲ ಹೇಳಿತು,
ಮೇಲೆ ಮೀಸೆ ಚಿಗುರಿತ್ತೇ ಎಂದರೆ ಇಲ್ಲ ಉತ್ತರ.
ಕಿವಿಯ ವಿಷಯಕ್ಕೆ ಮಾತ್ರ ಪೂರಾ ಕಿವುಡು.

ಕಿವಿ ನನ್ನ ತಮ್ಮನದು ಹಾಕಿದೆ.
ಪ್ರತಿ ಸಲವೂ ಅವನದೇ. ಅವನಿಗೆ ಹೇಳಿಲ್ಲ.

ಆಗಸ್ಟಿನಲ್ಲಿ ಕಾಬೊರ್ಕಾದಿಂದ ಬಸ್ಸು ಹಿಡಿದು
ಒಬ್ದುಲಿಯಾ ಎಂಬಾಕೆ ಬಂದಳು.
ತೊಡೆಯ ಮೇಲೆ ಚೀಲ, ಚೀಲದೊಳಗೆ ಫೋಟೋ,
ತೆಗೆದು ತೋರಿಸಲಿಲ್ಲ.
ಮಣ್ಣಿನ ಮುಖದ ಎದುರು ಬಹಳ ಹೊತ್ತು ಕೂತು
'ಇವನಲ್ಲ' ಅಂದಳು.
ಆ ದನಿಯಲ್ಲಿದ್ದದ್ದು ನಿರಾಳವೋ ಮತ್ತೊಂದೋ,
ಅದಕ್ಕೂ ಕೋಷ್ಟಕ ಮಾಡಿಲ್ಲ ಯಾರೂ.

ಬಾಗಿಲವರೆಗೆ ಹೋದವಳು ತಿರುಗಿ ಬಂದು
ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು
ಬಾಯಂಚಿಗೆ ಏನೋ ಮೆತ್ತಿಕೊಂಡಿದೆ ಎಂಬಂತೆ
ಒಮ್ಮೆ ಒರೆಸಿದಳು, ಸ್ವಲ್ಪ ಒತ್ತಿಯೇ.
'ಯಾರ ಮಗನೋ' ಅಂದಳು.
ನಾಲ್ಕರ ಬಸ್ಸಿತ್ತು ಆಕೆಗೆ.

ಎಣ್ಣೆಮಣ್ಣು ಇದು, ಒಣಗುವುದಿಲ್ಲ,
ಒತ್ತಿದ್ದನ್ನು ಹಾಗೇ ಇಟ್ಟುಕೊಳ್ಳುತ್ತದೆ.
ಎಡಗೆನ್ನೆಯಲ್ಲೊಂದು ಕುಳಿ.

ನಿಯಮದ ಪ್ರಕಾರ ಸವರಿಬಿಡಬೇಕಿತ್ತು.
ಬೆರಳು ಅಲ್ಲಿವರೆಗೆ ಹೋಯಿತು ಕೂಡ.

ಪತ್ರಿಕೆಗೆ ಫೋಟೋ ತೆಗೆಯಲು ಬಂದ ಹುಡುಗ ಕೇಳಿದ:
ಗುಳಿಕೆನ್ನೆ ಸಹ ಎಲುಬಿನಲ್ಲಿ ಗೊತ್ತಾಗುತ್ತಾ?

ಲೈಟು ಸ್ವಲ್ಪ
ಈ ಕಡೆಯಿಂದ ಹಿಡಿ, ಅಂದೆ.